ಒಮಾನ್‌ನಲ್ಲಿ ಒಂದು ವಾರ: ಸ್ವಂತ ಗಾಡಿ, ಸ್ವಂತ ಗೈಡ್ ಇಟ್ಟುಕೊಂಡು ಪ್ರವಾಸ ಹೊಂದಿಸುವ ಬಗೆ

ಮಂಗಳೂರು, ಉಡುಪಿಯ ಮನೆಗಳಲ್ಲಿ ಮಸ್ಕತ್ ಎಂಬ ಹೆಸರು ದುಡಿಮೆಯ ಜೊತೆಗೆ ಬೆಸೆದುಕೊಂಡಿದೆ. ಪ್ರವಾಸದ ಮಾತು ಬಂದಾಗ ಅದು ಯಾರ ಬಾಯಿಗೂ ಮೊದಲು ಬರುವುದಿಲ್ಲ. ಬಜ್ಪೆಯಿಂದ ವಿಮಾನ ಹತ್ತಿದವರು ಮಸ್ಕತ್‌ನ ರೂವಿಯ ಕಚೇರಿಗೋ ಅಂಗಡಿಗೋ ಹೋದವರು. ಅವರನ್ನು ನೋಡಿ ಬರಲು ಹೋದ ತಂದೆತಾಯಿಯರೂ ಫ್ಲ್ಯಾಟು, ಮಾಲು, ಒಂದು ದೊಡ್ಡ ಮಸೀದಿ ನೋಡಿ ಹಿಂತಿರುಗಿದವರೇ ಹೆಚ್ಚು. ಆದರೆ ಸುಮಾರು ಮೂರು ಗಂಟೆಯ ಹಾರಾಟದ ದೂರದಲ್ಲಿ, ಒಂದು ವಾರದಲ್ಲಿ ಸುತ್ತಿ ಮುಗಿಸಬಹುದಾದ ವರ್ತುಲದೊಳಗೆ, 17ನೇ ಶತಮಾನದ ಕೋಟೆಪಟ್ಟಣ, ಕುದುರೆಮುಖ ಶಿಖರದಷ್ಟೇ ಎತ್ತರದಲ್ಲಿರುವ ಹಳ್ಳಿಗಳು, ಉಡುಪಿ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳನ್ನು ಸೇರಿಸಿದರೂ ಮೀರಿ ಹರಡಿರುವ ಮರಳು, ನಮ್ಮದೇ ಕಡಲಿನ ಆಚೆ ದಡ, ಇಷ್ಟೂ ಒಟ್ಟಿಗೆ ಸಿಗುವ ದೇಶ ನಮಗೆ ಇಷ್ಟು ಹತ್ತಿರದಲ್ಲಿ ಇನ್ನೊಂದಿಲ್ಲ. ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯುವ ಗುಂಪು ಪ್ರವಾಸದಲ್ಲಿ ಇದರ ಕಾಲುಭಾಗವೂ ಕೈಗೆ ಹತ್ತದು. ಒಂದು ಕುಟುಂಬ ಅಥವಾ ನಾಲ್ಕು ಮಂದಿ ಸ್ನೇಹಿತರು ತಮ್ಮದೇ ಗಾಡಿ, ತಮ್ಮದೇ ಗೈಡ್ ಗೊತ್ತುಮಾಡಿಕೊಂಡು ಹೋಗುವುದಾದರೆ ಅದನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಾರ ಮೊದಲು, ಸ್ಥಳ ಆಮೇಲೆ

ಸಾಮಾನ್ಯವಾಗಿ ನಾವು ನೋಡಬೇಕಾದ ಸ್ಥಳಗಳ ಪಟ್ಟಿ ಬರೆದು, ಅದನ್ನು ಕೈಯಲ್ಲಿರುವ ದಿನಗಳಿಗೆ ಹಂಚುತ್ತೇವೆ. ಒಮಾನ್‌ಗೆ ಈ ಕ್ರಮ ಸರಿಹೊಂದುವುದಿಲ್ಲ. ಅಲ್ಲಿನ ಒಳ್ಳೆಯ ಸಂಗತಿಗಳಲ್ಲಿ ಹಲವು ಇಂಥ ವಾರ, ಇಂಥ ಹೊತ್ತು ಎಂದು ಗೊತ್ತಾಗಿರುವಂಥವು. ಒಳನಾಡಿನ ಕೋಟೆಪಟ್ಟಣ ನಿಜ್ವಾದ ಆಡಿನ ಸಂತೆ ನೆರೆಯುವುದು ಶುಕ್ರವಾರ ಬೆಳಿಗ್ಗೆ ಮಾತ್ರ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಹಾ ಮಸೀದಿಗೆ ಅನ್ಯಮತೀಯರಿಗೆ ಪ್ರವೇಶವಿರುವುದು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರ ಒಳಗೆ, ಶುಕ್ರವಾರ ಇಲ್ಲ. ಪೂರ್ವ ಕರಾವಳಿಯ ರಾಸ್ ಅಲ್ ಜಿನ್ಜ್‌ನಲ್ಲಿ ಕಡಲಾಮೆಗಳನ್ನು ನೋಡಲು ಬಿಡುವುದು ರಾತ್ರಿ ಮತ್ತು ಬೆಳಗಿನ ಜಾವ, ಅದೂ ಮೀಸಲು ಪ್ರದೇಶದ ಗೈಡ್ ಜೊತೆಗೆ, ಮೊದಲೇ ಹೆಸರು ಕೊಟ್ಟವರಿಗೆ. ವಾರದ ರಜೆ ಶುಕ್ರವಾರ ಮತ್ತು ಶನಿವಾರವಾದ್ದರಿಂದ ಆ ಎರಡು ದಿನ ಮಸ್ಕತ್‌ನ ಅರ್ಧ ಊರು ವಾದಿಗಳಲ್ಲಿ, ಅಂದರೆ ಬೆಟ್ಟದ ನಡುವಿನ ಕಣಿವೆಗಳಲ್ಲಿ, ಬುತ್ತಿ ಬಿಚ್ಚಿ ಕುಳಿತಿರುತ್ತದೆ. ಗುರುವಾರ ರಾತ್ರಿ ಮರಳುಗಾಡಿನ ಶಿಬಿರಗಳ ಸುತ್ತ ದಿಬ್ಬ ಹಾರಿಸುವ ಗಾಡಿಗಳ ಸದ್ದು ನಿಲ್ಲುವುದಿಲ್ಲ.

ಇವನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದರೆ ಪ್ರವಾಸ ತಾನಾಗಿಯೇ ಒಂದು ಆಕಾರಕ್ಕೆ ಬರುತ್ತದೆ. ಬುಧವಾರ ರಾತ್ರಿ ಮಸ್ಕತ್ ತಲುಪಬೇಕು. ಗುರುವಾರ ಬೆಳಿಗ್ಗೆ ಮಸೀದಿ ನೋಡಿ ಮಧ್ಯಾಹ್ನ ನಿಜ್ವಾಕ್ಕೆ ಹೊರಡಬೇಕು. ಶುಕ್ರವಾರ ನಿಜ್ವಾ, ಶನಿವಾರ ಬೆಟ್ಟ, ಭಾನುವಾರ ಮರಳುಗಾಡು, ಸೋಮವಾರ ರಾತ್ರಿ ಕಡಲಾಮೆ, ಮಂಗಳವಾರ ಸೂರ್‌ನಿಂದ ಕರಾವಳಿ ಹಿಡಿದು ಮಸ್ಕತ್‌ಗೆ ವಾಪಸು, ಬುಧವಾರ ಹಳೆ ಮಸ್ಕತ್ ನೋಡಿ ರಾತ್ರಿಯ ವಿಮಾನ. ಟೂರ್ ಕಂಪನಿಯವರು ತಮ್ಮ ಅನುಕೂಲಕ್ಕೆ ಈ ಚಕ್ರವನ್ನು ತಿರುವುಮುರುವು ಮಾಡಿ ಕಳಿಸುವುದುಂಟು. ಆಗ ಒಪ್ಪದಿರಿ. ದಿನವೊಂದು ಕಡಿಮೆಯಾದರೆ ಒಂದು ಸ್ಥಳವನ್ನು ಬಿಡಬೇಕೇ ಹೊರತು ವಾರವನ್ನು ಕದಲಿಸಬಾರದು.

ವಿಮಾನದ ವಿಚಾರವೂ ಇದಕ್ಕೇ ಅಂಟಿಕೊಂಡಿದೆ. ಮಂಗಳೂರಿನಿಂದ ನೇರ ವಿಮಾನದ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ, ಬೇಕಾದ ದಿನ ಸಿಗದಿದ್ದರೆ ಕಣ್ಣೂರು ಅಥವಾ ಬೆಂಗಳೂರಿನಿಂದ ಹೊರಡುವುದು ಲೇಸು. ಸಾವಿರ ರೂಪಾಯಿ ಉಳಿಯಿತೆಂದು ಶುಕ್ರವಾರ ಮಧ್ಯಾಹ್ನ ಇಳಿಯುವ ಟಿಕೆಟ್ ತೆಗೆದರೆ ನಿಜ್ವಾದ ಸಂತೆಯೂ ಹೋಯಿತು, ಮಸೀದಿಯೂ ಮುಂದಕ್ಕೆ ಹೋಯಿತು.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ. ಮಕ್ಕಳಿರುವವರಿಗೆ ಕ್ರಿಸ್‌ಮಸ್ ರಜೆಯೇ ಅನುಕೂಲ, ಆದರೆ ಆಗ ಶಿಬಿರಗಳ ಬಾಡಿಗೆ ಏರಿರುತ್ತದೆ. ಬೇಸಿಗೆ ರಜೆಯಲ್ಲಿ ಹೋಗಲೇಬೇಕೆಂದರೆ ಏಪ್ರಿಲ್ ಮೊದಲ ಭಾಗ ನಡೆಯುತ್ತದೆ; ಜಬಲ್ ಅಖ್ದರ್ ಬೆಟ್ಟದ ಗುಲಾಬಿ ಕೊಯ್ಲು ಸಿಗುವುದೂ ಆಗಲೇ, ಮೆಟ್ಟಿಲು ಗದ್ದೆಗಳ ನಡುವಿನ ಮನೆಗಳಲ್ಲಿ ಪನ್ನೀರು ಬಟ್ಟಿ ಇಳಿಸುವುದನ್ನು ಕಣ್ಣಾರೆ ನೋಡಬಹುದು. ಮೇ ನಂತರ ಮಸ್ಕತ್‌ನ ಸೆಕೆ 40 ಡಿಗ್ರಿ ದಾಟುತ್ತದೆ, ಮರಳಿನ ಮೇಲೆ ಕಾಲಿಡಲಾಗದು.

ರಂಜಾನ್ ತಿಂಗಳನ್ನೂ ನೋಡಿಕೊಳ್ಳಬೇಕು. ಅದು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರುವಾಗುತ್ತದೆ. ಆ ದಿನಗಳಲ್ಲಿ ಹಗಲು ಹೊತ್ತು ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದು, ನೀರು ಕುಡಿಯುವುದು ಕೂಡದು, ಹೋಟೆಲುಗಳೂ ಸಂಜೆಯವರೆಗೆ ಮುಚ್ಚಿರುತ್ತವೆ. ಇನ್ನೊಂದು ಸೂಚನೆ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಸಂಬಂಧಿಸಿದ್ದು. ಮರಳುಗಾಡಿನ ರಾತ್ರಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಬಿದ್ದರೆ ಆಕಾಶದ ತುಂಬ ನಕ್ಷತ್ರ ಕಾಣುತ್ತದೆ. ಹುಣ್ಣಿಮೆಯಾದರೆ ಮರಳು ಬೆಳಗುತ್ತದೆ, ನಕ್ಷತ್ರ ಮಾಸುತ್ತದೆ. ಕಡಲಾಮೆಗಳೂ ಕತ್ತಲೆಯನ್ನೇ ಬಯಸುತ್ತವೆ. ವಾರ ಹೊಂದಿಸುವಾಗ ತಿಥಿಯನ್ನೂ ಹೊಂದಿಸಬಹುದಾದರೆ ಎರಡೂ ರಾತ್ರಿ ಸಾರ್ಥಕ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಸಲಾಲಾ ಹಸಿರಾಗುತ್ತದೆಂದು, ಖರೀಫ್ ಎಂಬ ಆ ತುಂತುರು ಮಳೆಯ ಕಾಲದಲ್ಲಿ ಹೋಗಿ ಎಂದು ಏಜೆಂಟರು ಒತ್ತಾಯಿಸುತ್ತಾರೆ. ಅರಬ್ ನಾಡಿನವರಿಗೆ ಅದು ದೊಡ್ಡ ಸೊಗಸು. ಆಗುಂಬೆಯ ಬುಡದಲ್ಲಿ ಕೊಡೆ ಹಿಡಿದೇ ಬೆಳೆದವರು ಮಸ್ಕತ್‌ನಿಂದ ಸುಮಾರು 1,000 ಕಿಲೋಮೀಟರ್ ಆಚೆಗೆ ದುಡ್ಡು ಕೊಟ್ಟು ಹೋಗಿ ಮಳೆ ನೋಡುವ ಅಗತ್ಯವಿದೆಯೇ ಎಂಬುದನ್ನು ಅವರವರೇ ಯೋಚಿಸಬಹುದು.

ಗೈಡ್ ಆಯ್ಕೆ

14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಇದೇ ಕರಾವಳಿಗೆ ಬಂದಿದ್ದ. ಸೂರ್ ಬಂದರಿನಲ್ಲಿ ಹಡಗು ನಿಂತಾಗ ಖಲ್ಹಾತ್ ಪಟ್ಟಣ ಕಣ್ಣಳತೆಯಲ್ಲೇ ಇರುವಂತೆ ಕಂಡಿತು. ನಡೆದೇ ಹೋಗೋಣವೆಂದು ಜೊತೆಗಿದ್ದ ಭಾರತೀಯನೊಬ್ಬನೊಂದಿಗೆ ಹೊರಟು, ದಾರಿ ತೋರಿಸಲು ಹಡಗಿನವನೊಬ್ಬನನ್ನು ಗೊತ್ತುಮಾಡಿಕೊಂಡ. ಆ ಮನುಷ್ಯ ದಾರಿ ತಪ್ಪಿಸಿ ಬಟ್ಟೆಬರೆ ದೋಚಲು ಹೊಂಚುಹಾಕಿದ. ಬತೂತ ಕೈಯಲ್ಲಿ ಈಟಿ ಹಿಡಿದು ರಾತ್ರಿಯೆಲ್ಲ ಎಚ್ಚರವಿದ್ದು, ಕಾಲು ಬಾತು ಕುಂಟುತ್ತ ಖಲ್ಹಾತ್ ಸೇರಿಕೊಂಡ. ಅವನೇ ಮುಂದೆ ಮಂಗಳೂರಿಗೂ ಬಂದು, ಮಂಜರೂರು ಎಂಬ ಈ ಊರಿನಲ್ಲಿ ಫಾರಸ್ ಮತ್ತು ಯೆಮನ್‌ನ ವರ್ತಕರಿದ್ದುದನ್ನು ಬರೆದಿಟ್ಟ.

ಈಗ ಈಟಿ ಬೇಡ, ಪರವಾನಗಿ ಕೇಳಿದರೆ ಸಾಕು. ಒಮಾನ್‌ನಲ್ಲಿ ಪ್ರವಾಸಿ ಗೈಡುಗಳಿಗೆ ಪರಂಪರೆ ಮತ್ತು ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಇರಬೇಕು. ಹಣ ಕಳಿಸುವ ಮೊದಲು, ನಮ್ಮ ಜೊತೆ ಬರುವವರು ಯಾರು, ಅವರಿಗೆ ಗೈಡ್ ಪರವಾನಗಿ ಇದೆಯೇ ಅಥವಾ ಬರೀ ಡ್ರೈವರೇ ಎಂದು ಕಂಪನಿಯಿಂದ ಬರಹದಲ್ಲಿ ತಿಳಿದುಕೊಳ್ಳಬೇಕು. ಬರೀ ಡ್ರೈವರಾದರೆ ಕೋಟೆಯ ಬಾಗಿಲಲ್ಲಿ ಇಳಿಸಿ ನೆರಳಿನಲ್ಲಿ ಗಾಡಿ ನಿಲ್ಲಿಸಿ ಕೂರುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ನಾವು ಕೊಂಡದ್ದೇ ಅಷ್ಟು.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಆಕರ್ಷಣೆ ಎದುರಾಗುತ್ತದೆ. ಊರಿನವರೇ ಆದ, ತುಳುವೋ ಮಲಯಾಳವೋ ಬ್ಯಾರಿಯೋ ಮಾತಾಡುವ ಚಾಲಕರು ಮಸ್ಕತ್‌ನಲ್ಲಿ ಸಿಗುತ್ತಾರೆ, ಹಿರಿಯರಿಗೆ ಅವರೊಡನೆ ಸಲೀಸು. ಊಟದ ಜಾಗ ಹುಡುಕಲು, ಔಷಧ ಅಂಗಡಿಗೆ ಕರೆದೊಯ್ಯಲು ಅವರಷ್ಟು ಒಳ್ಳೆಯವರು ಬೇರೆ ಇಲ್ಲ. ಆದರೂ ಒಳನಾಡಿನ ಮೂರು ನಾಲ್ಕು ದಿನಗಳಿಗೆ ಅಲ್ಲಿಯೇ ಹುಟ್ಟಿ ಬೆಳೆದ ಒಮಾನಿ ಗೈಡನ್ನು ಇಟ್ಟುಕೊಳ್ಳುವುದು ಸರಿಯೆಂಬುದು ನನ್ನ ಅಭಿಪ್ರಾಯ. ಬೆಟ್ಟದ ಹಳ್ಳಿಯಲ್ಲಿ ಅವರ ಪರಿಚಯದ ಮನೆಯೊಂದು ಇರುತ್ತದೆ, ಅಲ್ಲಿ ಕಾಫಿಗೆ ಕರೆಯುತ್ತಾರೆ. ಖರ್ಜೂರದ ತಟ್ಟೆ, ಏಲಕ್ಕಿ ಹಾಕಿದ ಕಹ್ವಾ ಮುಂದಿಟ್ಟು ಮನೆಯ ಹಿರಿಯರು ಮಾತಿಗೆ ಕೂರುತ್ತಾರೆ. ಚಿಕ್ಕ ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸಿದರೆ ಸಾಕು ಎಂದರ್ಥ, ಸುಮ್ಮನೆ ಕೊಟ್ಟರೆ ಮತ್ತೆ ತುಂಬುತ್ತಾರೆ. ಭಾಷೆಯ ಭಯ ಬೇಡ. ಗೈಡುಗಳಿಗೆ ಇಂಗ್ಲಿಷ್ ಬರುತ್ತದೆ, ಹಿಂದಿ ಅರ್ಥವಾಗುವ ಒಮಾನಿಗಳೂ ಸಾಕಷ್ಟಿದ್ದಾರೆ.

ಕಂಪನಿಯೊಡನೆ ಮಾತಾಡುವಾಗ ಗೈಡಿನ ತಿಳುವಳಿಕೆಯನ್ನು ಅಳೆಯಲು ಒಂದು ಉಪಾಯವಿದೆ. ಜಬ್ರೀನ್ ಕೋಟೆಯ ಉಗ್ರಾಣದ ನೆಲದಲ್ಲಿ ಉದ್ದುದ್ದಕ್ಕೆ ಏಣುಗಳು ಏಕಿವೆ ಎಂದು ಕೇಳಿ. ಖರ್ಜೂರದ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅವುಗಳ ಭಾರಕ್ಕೆ ಒಸರುವ ರಸ ಆ ಏಣುಗಳ ನಡುವಿನ ಕಾಲುವೆಯಲ್ಲಿ ಹರಿದು ಗುಡಾಣಕ್ಕೆ ಬೀಳುತ್ತದೆ. ಅದು ಅಡುಗೆಗೂ ಆಯಿತು, ಮುತ್ತಿಗೆಯ ಕಾಲದಲ್ಲಿ ಕುದಿಸಿ ಬಾಗಿಲ ಮೇಲಿನ ಕಂಡಿಯಿಂದ ಶತ್ರುವಿನ ತಲೆಗೆ ಸುರಿಯಲಿಕ್ಕೂ ಆಯಿತು. ಇದನ್ನು ಹೇಳಬಲ್ಲ ಗೈಡ್ ಉಳಿದದ್ದನ್ನೂ ಹೇಳಬಲ್ಲರು.

ಕಾಗದದಲ್ಲಿ ಇರಬೇಕಾದದ್ದು

ದರ ನಿಗದಿಯಾಗುವುದು ತಲೆಗೆ ಇಷ್ಟೆಂದಲ್ಲ, ಗಾಡಿಗೆ ಇಷ್ಟೆಂದು. ಆದ್ದರಿಂದ ಇಬ್ಬರೇ ಹೋದರೆ ದುಬಾರಿ, ನಾಲ್ವರಾದರೆ ಲ್ಯಾಂಡ್ ಕ್ರೂಸರಿನಂಥ ಗಾಡಿಯಲ್ಲಿ ಆರಾಮ, ಆರು ಮಂದಿ ಪೆಟ್ಟಿಗೆಗಳ ಸಮೇತ ಕೂತರೆ ಯಾರಿಗೂ ಕಾಲು ಚಾಚಲಾಗದು. ಫೋರ್‌ವೀಲ್ ಡ್ರೈವ್ ಗಾಡಿ ಪೂರ್ತಿ ವಾರಕ್ಕೋ, ಬೆಟ್ಟ ಮತ್ತು ಮರಳಿಗೆ ಮಾತ್ರವೋ ಎಂಬುದು ಸ್ಪಷ್ಟವಾಗಿರಬೇಕು. ಜಬಲ್ ಅಖ್ದರ್‌ಗೆ ಹತ್ತುವ ದಾರಿಯಲ್ಲಿ, ಬಿರ್ಕತ್ ಅಲ್ ಮೌಜ್ ಊರಿನ ಬಳಿ ಪೊಲೀಸ್ ತಪಾಸಣೆ ಇದ್ದು, ಅಂಥ ಗಾಡಿಯಲ್ಲದಿದ್ದರೆ ಮೇಲೆ ಬಿಡುವುದಿಲ್ಲ. ರಸ್ತೆ ನುಣುಪಾಗಿಯೇ ಇದೆ, ಆದರೆ ಇಳಿಜಾರಿನಲ್ಲಿ ಸಾಮಾನ್ಯ ಕಾರುಗಳ ಬ್ರೇಕ್ ಸೋಲುತ್ತದೆಂಬ ಕಾರಣಕ್ಕೆ ಈ ನಿಯಮ.

ತಂಗುವ ಜಾಗಗಳ ಹೆಸರು ದಿನದ ಲೆಕ್ಕದಲ್ಲಿ ಬರೆದಿರಬೇಕು; "ಅಥವಾ ಅದೇ ದರ್ಜೆಯ ಬೇರೆ ಹೋಟೆಲ್" ಎಂಬ ಸಾಲು ಇದ್ದರೆ ಆ ಬೇರೆ ಹೋಟೆಲಿನ ಹೆಸರನ್ನೂ ಕೇಳಿ. ಕೋಟೆಗಳ ಟಿಕೆಟ್, ಕಡಲಾಮೆ ವೀಕ್ಷಣೆಯ ಮುಂಗಡ, ಗೈಡಿನ ಊಟ ಮತ್ತು ವಸತಿ ಯಾರ ಲೆಕ್ಕಕ್ಕೆ ಎಂಬುದೂ ಇರಲಿ. ಮಳೆ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಮರೆಯದೆ ಕೇಳಬೇಕು. ಒಣಗಿ ಬಿದ್ದ ವಾದಿಯಲ್ಲಿ ದೂರದ ಬೆಟ್ಟದ ಮಳೆಗೆ ಗಳಿಗೆಯೊಳಗೆ ನೆರೆ ನುಗ್ಗುತ್ತದೆ. 2024ರ ಏಪ್ರಿಲ್‌ನಲ್ಲಿ ಅಂಥ ನೆರೆಗೆ ಶಾಲಾ ಮಕ್ಕಳೂ ಸೇರಿ ಹಲವರು ಬಲಿಯಾದರು. ಹರಿಯುವ ವಾದಿಗೆ ಗಾಡಿ ಇಳಿಸುವುದು ಅಲ್ಲಿ ಶಿಕ್ಷಾರ್ಹ ಅಪರಾಧ. "ಏನೂ ಆಗುವುದಿಲ್ಲ, ನಾವು ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಬೇರೆ ಕಂಪನಿ ನೋಡುವುದು ಕ್ಷೇಮ. ಮಳೆಯ ಸೂಚನೆ ಇದ್ದ ದಿನ ವಾದಿ ಬಿಟ್ಟು ಕೋಟೆಗೋ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ಯುತ್ತೇವೆ ಎಂದವರು ಕೆಲಸ ಬಲ್ಲವರು.

ಹಣದ ಲೆಕ್ಕದಲ್ಲಿ ನಮ್ಮವರು ಎಡವುವುದು ರಿಯಾಲಿನ ಬೆಲೆಯಿಂದ. ಒಂದು ಒಮಾನಿ ರಿಯಾಲ್ ಅಮೆರಿಕದ ಸುಮಾರು 2.6 ಡಾಲರಿಗೆ ಸಮ, ಅಂದರೆ 200 ರೂಪಾಯಿಗಿಂತ ಹೆಚ್ಚು. ಐದು ರಿಯಾಲ್ ತಾನೆ ಎಂದು ಕೈಬಿಚ್ಚಿದರೆ ಸಾವಿರ ರೂಪಾಯಿಗೂ ಮೇಲೆ ಹಾರಿಹೋಗಿರುತ್ತದೆ. ರಿಯಾಲಿಗೆ 1,000 ಬೈಸಾ. ಬಿಲ್ಲಿನಲ್ಲಿ ಚುಕ್ಕೆಯ ಆಚೆ ಮೂರು ಅಂಕೆ ಇರುವುದು ಆ ಕಾರಣಕ್ಕೆ. ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಲು ರಸೀದಿ ಜೋಪಾನವಾಗಿರಲಿ. ವೀಸಾಕ್ಕೆ ರಾಯಲ್ ಒಮಾನ್ ಪೊಲೀಸರ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ಅದಕ್ಕೆಂದು ಮಧ್ಯವರ್ತಿ ಬೇಡ.

ಕೋಟೆ ಮತ್ತು ಬೆಟ್ಟ

ಗುರುವಾರ ಬೆಳಿಗ್ಗೆ ಮಸೀದಿಗೆ ಎಂಟಕ್ಕೇ ತಲುಪಿದರೆ ಬಸ್ಸುಗಳು ಬರುವ ಮುನ್ನ ಒಂದು ಗಂಟೆ ನೆಮ್ಮದಿಯಾಗಿ ಸಿಗುತ್ತದೆ. 2001ರಲ್ಲಿ ಉದ್ಘಾಟನೆಗೊಂಡ ಈ ಮಸೀದಿಯಲ್ಲಿ ಇರಾನಿನ ನೇಕಾರರು ನಾಲ್ಕು ವರ್ಷ ನೆಯ್ದ, 21 ಟನ್ ತೂಕದ ರತ್ನಗಂಬಳಿ ಹಾಸಿದೆ. ಹೆಂಗಸರು ತಲೆ, ಮಣಿಕಟ್ಟು, ಕಣಕಾಲು ಮುಚ್ಚಿಕೊಂಡಿರಬೇಕು. ಚೂಡಿದಾರದ ಮೇಲೆ ದೊಡ್ಡ ಶಾಲು ಇದ್ದರೆ ಸಾಕು. ಗಂಡಸರಿಗೆ ಉದ್ದ ಪ್ಯಾಂಟು.

ನಿಜ್ವಾ ಅಲ್ಲಿಂದ ಎರಡು ಗಂಟೆಯೊಳಗಿನ ದಾರಿ. ಹೊಸ ಊರಿನ ಹೋಟೆಲಿಗಿಂತ ಕೋಟೆಯ ಹಿಂಬದಿಯ ಹಳೆ ಮಣ್ಣಿನ ಮನೆಗಳನ್ನು ದುರಸ್ತಿ ಮಾಡಿ ಮಾಡಿದ ತಂಗುಮನೆಗಳಲ್ಲಿ ಇಳಿದುಕೊಳ್ಳುವುದು ಎಷ್ಟೋ ಮೇಲು, ಏಕೆಂದರೆ ಮರುದಿನದ ಸಂತೆಗೆ ಅಲ್ಲಿಂದ ನಡೆದೇ ಹೋಗಬಹುದು. ಶುಕ್ರವಾರ ಏಳು ಗಂಟೆಗೆ ಅಲ್ಲಿರಬೇಕು, ಒಂಬತ್ತಕ್ಕೆಲ್ಲ ಮುಗಿದಿರುತ್ತದೆ. ಗುಂಡಗಿನ ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ, ಕಟ್ಟೆಯ ಸುತ್ತ ಇರುವ ಹಾದಿಯಲ್ಲಿ ಮಾರುವವರು ಆಡಿನ ಹಗ್ಗ ಹಿಡಿದು ದರ ಕೂಗುತ್ತ ಸುತ್ತು ಹಾಕುತ್ತಲೇ ಇರುತ್ತಾರೆ. ಕೊಳ್ಳುವವರು ಕೈ ಚಾಚಿ ತಡೆದು ನಿಲ್ಲಿಸುತ್ತಾರೆ, ತುಟಿ ಎತ್ತಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ, ತಲೆ ಅಲ್ಲಾಡಿಸಿ ಬಿಡುತ್ತಾರೆ; ಆಡು ಮತ್ತೆ ಸುತ್ತಿಗೆ ಹೋಗುತ್ತದೆ. ನಿಲ್ಲಬೇಕಾದದ್ದು ಹೊರಗಿನ ಅಂಚಿನಲ್ಲಿ. ಹಾದಿಗೆ ಅಡ್ಡ ನಿಂತು ಫೋಟೊ ತೆಗೆಯುವ ಪ್ರವಾಸಿಗರನ್ನು ಕಂಡರೆ ಅಲ್ಲಿಯವರಿಗೆ ಬೇಸರ. ಮುಖವಾಡ ತೊಟ್ಟ ಬುಡಕಟ್ಟಿನ ಹೆಂಗಸರ ಚಿತ್ರವನ್ನು ಕೇಳದೆ ತೆಗೆಯಲೇಬಾರದು.

ಸಂತೆ ಮುಗಿದೊಡನೆ ಕೋಟೆ ಹತ್ತಬೇಕು, ಏಕೆಂದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕೋಟೆ, ಅಂಗಡಿ ಎಲ್ಲವೂ ಬಾಗಿಲೆಳೆಯುತ್ತವೆ. ಈ ಕೋಟೆಯ ದುಂಡು ಬುರುಜನ್ನು ಕಟ್ಟಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್, 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್‌ನಿಂದ ಓಡಿಸಿದವನು. 1507ರಿಂದ ಅಲ್ಲಿ ಬೇರೂರಿದ್ದ ಪೋರ್ಚುಗೀಸರು ನಮ್ಮ ಕರಾವಳಿಯ ವ್ಯಾಪಾರವನ್ನೂ ಹಿಡಿತದಲ್ಲಿ ಇಟ್ಟುಕೊಂಡಿದ್ದವರೇ. ಆ ಜಗಳದ ಮುಂದುವರಿಕೆಯಾಗಿ 1695ರಲ್ಲಿ ಅರಬರು ಮಂಗಳೂರಿಗೆ ಬೆಂಕಿ ಇಟ್ಟರು. 18ನೇ ಶತಮಾನದಲ್ಲಿ ಸಂಬಂಧ ಮತ್ತೆ ಕುದುರಿ, ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಗೈಡಿನ ಮುಂದೆ ಈ ಎಳೆಯನ್ನು ಎತ್ತಿದರೆ ಮಾತು ಕಲಿತ ಪಾಠದಿಂದ ಹೊರಗೆ ಬಂದು ಹರಟೆಯಾಗುತ್ತದೆ.

ಶುಕ್ರವಾರ ಸಂಜೆ ಮಿಸ್ಫಾತ್ ಅಲ್ ಅಬ್ರಿಯೀನ್ ಎಂಬ ಬೆಟ್ಟದ ಹಳ್ಳಿಗೆ ಹೋಗಿ ಫಲಜ್ ನೋಡಬೇಕು. ಬೆಟ್ಟದ ಒಡಲಿನ ನೀರನ್ನು ಯಂತ್ರವಿಲ್ಲದೆ ಬರೀ ಇಳಿಜಾರಿನ ಬಲದಿಂದ ತೋಟಕ್ಕೆ ತರುವ ಕಾಲುವೆ ಇದು. ಒಮಾನ್‌ನ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬಂಟ್ವಾಳ, ಪುತ್ತೂರು, ಕಾಸರಗೋಡಿನ ಕಡೆ ಗುಡ್ಡ ಕೊರೆದು ಅಡಿಕೆ ತೋಟಕ್ಕೆ ನೀರು ತರುವ ಸುರಂಗಗಳನ್ನು ಬಲ್ಲವರಿಗೆ ಇದರ ತತ್ವವನ್ನು ವಿವರಿಸಬೇಕಾಗಿಲ್ಲ. ಒಬ್ಬರೇ ಸುರಂಗ ತೋಡಿ ಬೋಳುಗುಡ್ಡವನ್ನು ತೋಟ ಮಾಡಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇಂಥದೇ ಕೆಲಸಕ್ಕೆ. ಆದರೆ ಫಲಜ್‌ನಲ್ಲಿ ನೋಡಬೇಕಾದ ವಿಶೇಷ ನೀರಿನ ಹಂಚಿಕೆ. ಇಂಥವರ ತೋಟಕ್ಕೆ ಇಷ್ಟು ಹೊತ್ತು ಎಂದು ಪಾಲು ಗೊತ್ತಿದ್ದು, ಹಿಂದೆ ಹಗಲಲ್ಲಿ ನೆಳಲು ಅಳೆದು, ರಾತ್ರಿ ನಕ್ಷತ್ರ ನೋಡಿ ತೂಬು ತಿರುಗಿಸುತ್ತಿದ್ದರು. ಕಾಲುವೆಯ ಮೊದಲ ಭಾಗ ಕುಡಿಯುವ ನೀರಿಗೆ, ಆಮೇಲಿನದು ಸ್ನಾನಕ್ಕೆ, ಕೊನೆಯದು ತೋಟಕ್ಕೆ. ಪ್ರವಾಸಿಗರು ಕಾಲಿಳಿಬಿಟ್ಟು ಕೂರುವುದು ಎಲ್ಲಿ ತಪ್ಪು ಎಂಬುದು ಇದರಿಂದಲೇ ತಿಳಿಯುತ್ತದೆ.

ಶನಿವಾರ ಬೆಳಿಗ್ಗೆ ಜಬ್ರೀನ್ ಮತ್ತು ಬಹ್ಲಾ. ಎರಡರಲ್ಲಿ ಒಂದನ್ನೇ ನೋಡುವ ಸಮಯವಿದ್ದರೆ ಯುನೆಸ್ಕೊ ಹಣೆಪಟ್ಟಿ ಇರುವ ಬಹ್ಲಾವನ್ನು ಬಿಟ್ಟು ಜಬ್ರೀನ್ ಆರಿಸಿಕೊಳ್ಳಿ; ಬಹ್ಲಾ ದೂರದಿಂದ ನೋಡಲು ಭವ್ಯ, ಜಬ್ರೀನ್ ಒಳಗೆ ನಡೆದಾಡಲು ಸೊಗಸು, ಅದರ ಚಿತ್ರ ಬರೆದ ಮರದ ಮುಚ್ಚಿಗೆಗಳ ಕೆಳಗೆ ಕತ್ತೆತ್ತಿ ನಿಂತವರು ಬೇಗ ಹೊರಡುವುದಿಲ್ಲ. ಮಧ್ಯಾಹ್ನ ಜಬಲ್ ಅಖ್ದರ್ ಹತ್ತಬೇಕು. ಒಮಾನ್‌ನ ಅತಿ ಎತ್ತರದ, ಸುಮಾರು 3,000 ಮೀಟರಿನ ಜಬಲ್ ಶಮ್ಸ್ ಬೇರೆಯೇ ದಿಕ್ಕಿನಲ್ಲಿದೆ. ಅಲ್ಲಿನ ಆಳ ಕಣಿವೆಯ ಅಂಚಿನ ನಡಿಗೆ ಗಟ್ಟಿಗರಿಗೆ ಮರೆಯಲಾಗದ್ದು, ಆದರೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರಿಗೆ ಅಖ್ದರ್ ಒಳ್ಳೆಯದು, ಮರುದಿನದ ಮರಳುಗಾಡಿಗೂ ಅದು ಹತ್ತಿರ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಗಲ್ಫ್ ಎಂದರೆ ಸೆಕೆ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗುವುದು ನಮ್ಮವರ ಸಾಮಾನ್ಯ ಪದ್ಧತಿ.

ಮರಳು ಮತ್ತು ಕಡಲು

ಶರ್ಕಿಯಾ ಮರಳುಗಾಡು ಸುಮಾರು 12,500 ಚದರ ಕಿಲೋಮೀಟರ್. ಬಿದಿಯಾ ಊರಿನಲ್ಲಿ ಡಾಂಬರು ಮುಗಿಯುತ್ತದೆ. ಅಲ್ಲಿ ಗೈಡ್ ಇಳಿದು ನಾಲ್ಕೂ ಟೈರಿನ ಗಾಳಿಯನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಅಗಲಕ್ಕೆ ಹರಡಿಕೊಂಡರೆ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಇದನ್ನು ಮಾಡದೆ ಮುನ್ನುಗ್ಗುವ ಚಾಲಕನನ್ನು ಕಂಡರೆ ಅನುಮಾನಿಸಬಹುದು. ದಿಬ್ಬಗಳ ಮೇಲೆ ಗಾಡಿ ಹಾರಿಸುವ ಆಟ ಬೇಕೇ ಬೇಡವೇ ಎಂಬುದನ್ನು ಮೊದಲೇ ಹೇಳಿರಬೇಕು, ಬೆನ್ನುನೋವು ಇರುವವರಿಗೆ, ಬಸುರಿಯರಿಗೆ ಅದು ಸಲ್ಲದು. ಶಿಬಿರಕ್ಕೆ ಸೂರ್ಯಾಸ್ತಕ್ಕಿಂತ ಎರಡು ಗಂಟೆ ಮೊದಲು ಸೇರಿ, ದಿಬ್ಬವೊಂದನ್ನು ಬರಿಗಾಲಲ್ಲಿ ಹತ್ತಿ ಕೂರುವುದಕ್ಕಿಂತ ಹೆಚ್ಚಿನ ಕಾರ್ಯಕ್ರಮ ಆ ದಿನ ಬೇಕಾಗಿಲ್ಲ.

ಸೋಮವಾರ ವಾದಿ ಬನಿ ಖಾಲಿದ್. ಹಸಿರು ನೀರಿನ ಮಡುಗಳಿಗೆ ಕಾಲುವೆಯ ಬದಿಯ ಹಾದಿಯಲ್ಲಿ ಸ್ವಲ್ಪವೇ ನಡೆದರೆ ಸಾಕು, ಹಿರಿಯರಿಗೂ ಆಗುತ್ತದೆ. ಇದಕ್ಕೆ ಹೋಲಿಸಿದರೆ ಮಂಗಳವಾರದ ದಾರಿಯಲ್ಲಿ ಸಿಗುವ ವಾದಿ ಶಾಬ್‌ನಲ್ಲಿ ದೋಣಿ ದಾಟಿ, ಬಂಡೆಗಳ ಮೇಲೆ ಮುಕ್ಕಾಲು ಗಂಟೆ ನಡೆದು, ಕೊನೆಗೆ ಈಜಬೇಕು. ಹುಡುಗರನ್ನು ಅಲ್ಲಿಗೆ ಕಳಿಸಿ ಹಿರಿಯರು ಬಿಮ್ಮಾದ ಕುಳಿಗುಂಡಿ ನೋಡಬಹುದು. ಎರಡೂ ಕಡೆ ಟೀಶರ್ಟ್ ಮತ್ತು ಮೊಣಕಾಲು ಮುಚ್ಚುವ ಬಟ್ಟೆಯಲ್ಲೇ ನೀರಿಗಿಳಿಯಬೇಕು.

ಸೋಮವಾರ ರಾತ್ರಿ ರಾಸ್ ಅಲ್ ಜಿನ್ಜ್. ಕುಂದಾಪುರದ ಕೋಡಿಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆಗಿಂತ ದೊಡ್ಡದಾದ ಹಸಿರು ಕಡಲಾಮೆ ಇಲ್ಲಿಯದು. ಮೇಯಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಬರುತ್ತವೆ, ಚಳಿಗಾಲದಲ್ಲಿ ಒಂದೆರಡು ಕಂಡರೆ ಅದೃಷ್ಟ. ಕತ್ತಲಲ್ಲಿ ಮರಳಿನ ಮೇಲೆ ನಡೆಯಬೇಕು, ಫೋನಿನ ಬೆಳಕು, ಫ್ಲ್ಯಾಶ್ ಕೂಡದು. ಮೀಸಲು ಪ್ರದೇಶದ ತಂಗುಮನೆಯಲ್ಲೇ ಉಳಿದುಕೊಂಡರೆ ರಾತ್ರಿ ಕಾಣದಿದ್ದರೂ ಬೆಳಗಿನ ಜಾವ ಇನ್ನೊಂದು ಅವಕಾಶ ಸಿಗುತ್ತದೆ.

ಸೂರ್‌ನಲ್ಲಿ ಮರದ ಹಡಗು ಕಟ್ಟುವ ಅಂಗಳಕ್ಕೆ ಗೈಡ್ ಹತ್ತು ನಿಮಿಷ ಕೊಟ್ಟರೆ ನೀವು ಒಂದು ಗಂಟೆ ಕೇಳಿ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬುವ ಮಂಜಿಗಳನ್ನು ನೋಡಿದ ಕಣ್ಣಿಗೆ ಆ ಹಡಗುಗಳ ಮೈಕಟ್ಟು ಅಪರಿಚಿತವಲ್ಲ. ಅವುಗಳ ತೇಗದ ಮರ ಹೋಗುತ್ತಿದ್ದುದೇ ನಮ್ಮ ಪಶ್ಚಿಮ ಕರಾವಳಿಯಿಂದ. 1951ರಲ್ಲಿ ಕಟ್ಟಿದ ಫತಹ್ ಅಲ್ ಖೈರ್ ಎಂಬ ಹಡಗನ್ನು ಅಲ್ಲಿ ದಡಕ್ಕೆಳೆದು ಕಾಪಾಡಿದ್ದಾರೆ. ಸಮೀಪದ ಖಲ್ಹಾತ್ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೀಬಿ ಮರಿಯಂಳ ಮುರುಕು ಗೋರಿಯೊಂದನ್ನು ಬಿಟ್ಟರೆ ನಿಂತಿರುವ ಕಟ್ಟಡವಿಲ್ಲ, ಆದ್ದರಿಂದ ಗೈಡ್ ಇಲ್ಲದೆ ಹೋದವರಿಗೆ ಬರೀ ಕಲ್ಲುರಾಶಿ ಕಾಣುತ್ತದೆ. ಕುಂಟುತ್ತ ಬಂದು ಸೇರಿದ ಇಬ್ನ್ ಬತೂತನಿಗೆ ಇಲ್ಲಿ ಎಲೆಯ ಮೇಲೆ ಸುಟ್ಟ ಮೀನು, ಭಾರತದಿಂದ ಬಂದ ಅಕ್ಕಿಯ ಅನ್ನ ಸಿಕ್ಕಿತ್ತು.

ಊಟ, ಗಂಟುಮೂಟೆ, ನೆಂಟರು

ಮೀನು ತಿನ್ನುವವರಿಗೆ ಯೋಚನೆಯಿಲ್ಲ. ಸಸ್ಯಾಹಾರಿಗಳಿಗೆ ಮಸ್ಕತ್‌ನ ರೂವಿಯಲ್ಲಿ ದೋಸೆ, ಊಟ ಎರಡೂ ಸಿಗುತ್ತದೆ. ಒಳನಾಡಿನಲ್ಲಿ ಬೇಳೆ, ಅನ್ನ, ರೊಟ್ಟಿ, ಹಮ್ಮುಸ್, ಸೊಪ್ಪಿನ ಸಲಾಡ್‌ಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಅದನ್ನು ಶಿಬಿರಕ್ಕೆ ಮುಂಚಿತವಾಗಿ ತಿಳಿಸಿ, ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳುವುದು ವಾಸಿ. ಮನೆಯಿಂದ ತರುವ ತಿಂಡಿಯಲ್ಲಿ ಗಸಗಸೆ ಇರಬಾರದು, ಗಲ್ಫ್ ವಿಮಾನ ನಿಲ್ದಾಣಗಳಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಮಾತ್ರೆಗಳಿಗೆ ವೈದ್ಯರ ಚೀಟಿ ಇರಲಿ. ಅನುಮತಿಯಿಲ್ಲದ ಡ್ರೋನ್ ಬೇಡ.

ಮಸ್ಕತ್‌ನಲ್ಲಿ ಅಕ್ಕನೋ ಭಾವನೋ ಇದ್ದರೆ ಅವರ ಮಾತು ಬಂದೇ ಬರುತ್ತದೆ: ದುಡ್ಡು ಕೊಟ್ಟು ಗೈಡ್ ಯಾಕೆ, ನಾವೇ ಸುತ್ತಾಡಿಸುತ್ತೇವಲ್ಲ ಎಂದು. ಪ್ರೀತಿಯ ಮಾತೇ, ಆದರೆ ಅವರಿಗೆ ಬಿಡುವಿರುವುದು ಶುಕ್ರವಾರ ಮತ್ತು ಶನಿವಾರ, ಸಾಮಾನ್ಯ ಕಾರು ಜಬಲ್ ಅಖ್ದರ್ ಹತ್ತುವುದಿಲ್ಲ, ಹತ್ತು ವರ್ಷ ಅಲ್ಲಿದ್ದರೂ ಫಲಜ್ ನೋಡಿರದವರು ಬಹಳ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಾರೆ. ಗಾಡಿಯಲ್ಲಿ ಜಾಗವಿದ್ದರೆ ಶುಕ್ರವಾರ ನಿಜ್ವಾಕ್ಕೆ ಅವರನ್ನೇ ಕರೆಯಿರಿ, ಮಂಗಳವಾರ ರಾತ್ರಿಯ ಊಟವನ್ನು ಅವರ ಮನೆಗೆ ಮೀಸಲಿಡಿ.

ಬುಧವಾರ ಬೆಳಿಗ್ಗೆ ಹಳೆ ಮಸ್ಕತ್‌ನ ಅರಮನೆ, ಪೋರ್ಚುಗೀಸರ ಕಾಲದ ಜಲಾಲಿ ಮತ್ತು ಮಿರಾನಿ ಕೋಟೆಗಳನ್ನು ಹೊರಗಿನಿಂದ, ಪಕ್ಕದ ಹಳೆಯ ಶಿವ ದೇವಾಲಯವನ್ನು ಒಳಗೆ ಹೋಗಿ ನೋಡಬಹುದು. ಮತ್ರಾ ಸಂತೆಬೀದಿ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವುದರಿಂದ ಖರೀದಿಯನ್ನು ಸಂಜೆಗೆ ಇಟ್ಟುಕೊಳ್ಳಬೇಕು. ಲೋಬಾನ ಕೊಳ್ಳುವಾಗ ಕಂದು ಬಣ್ಣದ್ದಕ್ಕಿಂತ ತಿಳಿ ಹಸಿರು ಛಾಯೆಯ, ಬೆಳಕು ಹಾಯುವ ತುಂಡುಗಳಿಗೆ ಬೆಲೆ ಹೆಚ್ಚು. ಗೈಡ್ ಕರೆದೊಯ್ದ ಮೊದಲ ಅಂಗಡಿಯಲ್ಲಿ ದರ ಮಾತ್ರ ಕೇಳಿ, ಇನ್ನೆರಡು ಅಂಗಡಿ ದಾಟಿದ ಮೇಲೆ ಕೊಳ್ಳಿ. ಪನ್ನೀರಿನ ಬಾಟಲಿ ಮತ್ತು ಹಲ್ವಾದ ಡಬ್ಬಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅಂಗಡಿಯವರಿಂದಲೇ ಬಿಗಿಯಾಗಿ ಸುತ್ತಿಸಿ ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಯೊಳಗೆ ಇಟ್ಟು, ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ ಪೆಟ್ಟಿಗೆಯನ್ನು ತೂಗಿಸಿಕೊಳ್ಳಿ.